ಗೌಜಲ ಮರಿಗಳೂ ನನ್ನ ಸೌಟೂ

ಏಪ್ರಿಲ್ 4

ಈ ನೋಟುಪುಸ್ತಕ ತಂಗಿ ಕೊಟ್ಟದ್ದು. "ಅಕ್ಕಾ, ದಿನವೆಲ್ಲ ನನ್ನ ತಲೆ ತಿನ್ನೋ ಬದಲು ಇದರ ತಲೆ ತಿನ್ನು. ನಂಗೆ ಹೊಲಿಗೆ ಕೆಲಸ ಬೇಕಾದಷ್ಟಿದೆ" ಎಂದಳು. ಸರಿ, ಪುಸ್ತಕವೇ, ಕೇಳಿಸಿಕೋ.

ಮೂವತ್ತೊಂದು ವರ್ಷ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿದವಳು ನಾನು. ಹೊತ್ತಿಗೆ ನೂರಿಪ್ಪತ್ತು ತಟ್ಟೆ. ನಿವೃತ್ತಿಯಾಗಿ ಎರಡು ತಿಂಗಳಾಯಿತು, ಈಗ ಉಳಿದಿರುವುದು ಎರಡೇ ತಟ್ಟೆ. ಅದರಲ್ಲಿ ಒಂದು ನನ್ನದು. ಇನ್ನೊಂದರ ಒಡತಿ ನಾನು ಸೌಟು ಎತ್ತುವ ಮೊದಲೇ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿಯುತ್ತಾಳೆ. ಹಾಗೆಂದು ಅವಳನ್ನು ಒಲೆಯ ಹತ್ತಿರ ಬಿಡುತ್ತೇನೆಯೇ? ಅದು ಮಾತ್ರ ಸಾಧ್ಯವಿಲ್ಲ. "ವಾರಕ್ಕೊಂದ್ಸಲ ಫೋನ್ ಮಾಡ್ತೀವಿ ದೊಡ್ಡಮ್ಮ" ಎಂದು ಗೊಳೋ ಎಂದು ಅತ್ತ ಹುಡುಗಿಯರಲ್ಲಿ ಇದುವರೆಗೆ ಮಾಡಿದವರು ಮೂವರು. ಅವರಲ್ಲೊಬ್ಬಳು ಮಾಡಿದ್ದು ಸೀದ ಪಾತ್ರೆ ಉಜ್ಜುವುದು ಹೇಗೆಂದು ಕೇಳಲು.

ಇವತ್ತು ಕಡ್ಡಿ ಬಂದಿದ್ದಳು. ಹದಿನೈದು ವರ್ಷದ ಹಿಂದೆ ಹಾಸ್ಟೆಲ್ಲಿನಲ್ಲಿದ್ದ ಹುಡುಗಿ. ಎಷ್ಟು ಬಡಿಸಿದರೂ ಮೈ ಹತ್ತುತ್ತಿರಲಿಲ್ಲ, ಅದಕ್ಕೇ ನಾನಿಟ್ಟ ಹೆಸರು. ಈಗ ಅವಳು ಹಕ್ಕಿಗಳ ಡಾಕ್ಟರು. ಊರಾಚೆಯ ಹಕ್ಕಿ ಕೇಂದ್ರ ಅವಳ ಕೈಯಲ್ಲಿದೆ. ಆಚೆಯ ಹುಲ್ಲುಗಾವಲಿನಲ್ಲಿ ಹಿಂದೆ ಗುಂಪುಗುಂಪಾಗಿ ಗೌಜಲಹಕ್ಕಿಗಳಿದ್ದವಂತೆ. ಬೇಟೆಯಾಡಿ ಆಡಿ ಜನ ಪೂರಾ ಖಾಲಿ ಮಾಡಿಟ್ಟರು. ಈಗ ಕೇಂದ್ರದಲ್ಲಿ ಮರಿ ಮಾಡಿಸಿ, ಸಾಕಿ, ಮತ್ತೆ ಅಲ್ಲಿಗೆ ಬಿಡುತ್ತಾರೆ. ಮರಿಗಳಿಗೆ ಊಟ ಹಾಕುವವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ.

"ಮೂರು ತಿಂಗಳು ಬನ್ನಿ ದೊಡ್ಡಮ್ಮ. ನಿಮ್ಮಷ್ಟು ಮಕ್ಕಳಿಗೆ ಊಟ ಹಾಕಿದವರು ಯಾರಿದ್ದಾರೆ?"

"ಹಕ್ಕಿಗೆ ನಾನು ಅಡುಗೆ ಮಾಡೋದಾ?"

"ಅಡುಗೆ ಏನಿಲ್ಲ. ಬರೀ ಹಾಕೋದು."

ಬರೀ ಹಾಕೋದು! ಅಷ್ಟು ಸಲೀಸೇ? ಆಗುವುದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದವಳು ಆಗಲಿ ಅಂದುಬಿಟ್ಟೆ.

ಏಪ್ರಿಲ್ 8

ಮೊದಲ ದಿನ. ಕೇಂದ್ರ ಎಂದರೆ ಏನೋ ಭಾರೀ ಅಂದುಕೊಂಡಿದ್ದೆ. ಎರಡು ಉದ್ದನೆಯ ಶೆಡ್ಡು, ಹಿಂದೆ ಬಲೆ ಹೊದಿಸಿದ ಹುಲ್ಲಿನ ಅಂಗಳ, ಒಂದು ಆಫೀಸು ಕೋಣೆ, ಒಂದು ಸೋರುವ ನಲ್ಲಿ. ಮರಿಕೋಣೆಯಲ್ಲಿ ತಗಡಿನ ದುಂಡು ಆವರಣ, ಅದರ ಮೇಲೆ ಬಿಸಿ ದೀಪ, ಕೆಳಗೆ ನಿನ್ನೆ ಮೊಟ್ಟೆಯೊಡೆದು ಬಂದ ಅರವತ್ತು ಮರಿಗಳು. ಒಂದೊಂದೂ ನಿಂಬೆಹಣ್ಣಿಗಿಂತ ಚಿಕ್ಕದು. ಅಷ್ಟರೊಳಗೆ ಕಾಲು, ಕಣ್ಣು, ಕೊಕ್ಕು, ಕೂಗು ಎಲ್ಲ ಹೇಗೆ ಹಿಡಿಸಿದವೋ ಕಾಣೆ.

ಕಾಲು ಮುರಿದವನು ಮನೆಯಲ್ಲಿದ್ದಾನೆ ಎಂದಿದ್ದರು. ಎಲ್ಲಿ? ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಾನೆ. ಎದೆಯುದ್ದ ಗಡ್ಡ. ಗಡ್ಡಪ್ಪ ಎಂದು ಹೆಸರಿಟ್ಟಿದ್ದೇನೆ, ಈ ಪುಸ್ತಕದೊಳಗೆ ಮಾತ್ರ.

"ನೀರಿನ ತಟ್ಟೇಲಿ ಗೋಲಿ ಹಾಕಿದ್ರಾ?" ಎಂದ.

"ಯಾಕೆ, ಆಟ ಆಡ್ತವಾ?"

"ಇಲ್ದಿದ್ರೆ ಆ ಅಂಗುಲ ನೀರಲ್ಲೇ ಮುಳುಗಿ ಸಾಯ್ತವೆ ಅಮ್ಮ. ಕೆಳಗೆ ಪೇಪರ್ ಹಾಸ್ಬೇಡಿ, ಕಾಲು ಜಾರಿ ಅಗಲ ಆಗ್ಹೋಗುತ್ತೆ. ಗೋಣಿ ಹಾಸಿ."

ಊಟ ಚೀಲದಲ್ಲಿ ಬರುತ್ತದೆ, ಸಣ್ಣ ನುಚ್ಚಿನಂಥ ಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದೆ. ಸೋಯಾ, ಮೀನಿನ ಪುಡಿ, ಜೋಳ. ಉಪ್ಪು ಸಾಲದು. ಕಡ್ಡಿ ಹಣೆ ಚಚ್ಚಿಕೊಂಡಳು. "ಇದರಲ್ಲಿ ನೂರಕ್ಕೆ ಮೂವತ್ತು ಪಾಲು ಪ್ರೋಟೀನ್ ಇದೆ ದೊಡ್ಡಮ್ಮ. ಸಾಕಿದ ಕೋಳಿಮರಿಗೆ ಇಪ್ಪತ್ತು ಸಾಕು, ಇವಕ್ಕೆ ಸಾಲಲ್ಲ. ಎರಡು ವಾರಕ್ಕೆಲ್ಲ ರೆಕ್ಕೆ ಬಡಿಯೋ ಜಾತಿ ಇವು."

ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು: ಐದನೇ ದಿನದಿಂದ ಮರಿಗಳಿಗೆ ಮನುಷ್ಯರ ಮುಖ ಕಾಣಬಾರದು, ಮಾತು ಕೇಳಬಾರದು. ಪರದೆಯ ಹಿಂದಿನಿಂದ ಕೊಳವೆಯಲ್ಲಿ ಊಟ ಸುರಿಯಬೇಕು. ಏಕೆಂದು ಕೇಳಿದೆ. "ಮನುಷ್ಯ ಅಂದ್ರೆ ಊಟ ಅಂತ ಕಲಿತ್ರೆ ನಾಳೆ ಬಂದೂಕು ಹಿಡಿದವನ ಹತ್ರಕ್ಕೂ ಓಡ್ತವೆ. ಅಂಥವನ್ನ ಹೊರಗೆ ಬಿಡೋಕಾಗಲ್ಲ. ಜೀವನವಿಡೀ ಪಂಜರದಲ್ಲಿ ಮೊಟ್ಟೆ ಇಡ್ತಾ ಕೂತಿರಬೇಕು" ಎಂದಳು. ನ್ಯಾಯವಾದ ಮಾತು. ತಲೆಯಾಡಿಸಿದೆ.

ಏಪ್ರಿಲ್ 10

ತಿನ್ನುತ್ತಿಲ್ಲ! ಮೊಟ್ಟೆಯೊಳಗಿನ ಹಳದಿ ಎರಡು ದಿನ ಹೊಟ್ಟೆಯಲ್ಲಿರುತ್ತದೆ, ಗಾಬರಿ ಬೇಡ ಎಂದಿದ್ದರು. ಮೂರನೇ ದಿನವಾಯಿತು. ಪುಡಿಯ ಮೇಲೇ ನಿಂತು ಹಸಿವು ಎಂದು ಕೂಗುತ್ತವೆ, ಕಾಲಡಿಯಲ್ಲಿರುವುದು ಊಟ ಎಂದು ಗೊತ್ತಿಲ್ಲ. ಬೆಳಿಗ್ಗೆ ಎರಡು ಸತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ನನ್ನ ಎದುರು ಯಾರೂ ಹಸಿದು ಸತ್ತಿಲ್ಲ.

"ತಾಯಿ ಹಕ್ಕಿ ಕೊಕ್ಕಲ್ಲಿ ಕುಟ್ಟಿ ತೋರಿಸುತ್ತೆ. ನೀವು ಬೆರಳಲ್ಲಿ ಕುಟ್ಟಿ" ಎಂದ ಗಡ್ಡಪ್ಪ. ಕುಟ್ಟಿದೆ. ನನ್ನ ಬೆರಳು ಅವಕ್ಕಿಂತ ದಪ್ಪ, ಹೆದರಿ ಮೂಲೆಗೆ ಹೋದವು. ಕೊನೆಗೆ ಕೈಚೀಲದಿಂದ ನನ್ನ ಸೌಟು ತೆಗೆದೆ. ಹಾಸ್ಟೆಲ್ಲಿನವರು ನಿವೃತ್ತಿಯ ದಿನ ಕೊಟ್ಟದ್ದು, ಅದೇ ಹಳೆಯ ಸ್ಟೀಲಿನದು. ಊಟಕ್ಕೆ ಕರೆಯಲು ಅದರಿಂದಲೇ ತಟ್ಟೆ ಬಾರಿಸುತ್ತಿದ್ದೆ. ಟಣ್ ಟಣಟಣ್. ಅಷ್ಟು ಜೋರಾಗಿ ಅಲ್ಲ, ಸುಮ್ಮನೆ ಹಿಡಿಯ ತುದಿಯಿಂದ ಊಟದ ತಟ್ಟೆಯ ಅಂಚಿಗೆ ತಟ್ಟಿದೆ. ಪುಡಿ ಕುಣಿಯಿತು. ಒಂದು ಮರಿ ಕತ್ತು ಚಾಚಿ ಕುಣಿಯುವ ಕಾಳನ್ನು ಕುಕ್ಕಿತು. ಅದನ್ನು ನೋಡಿ ಇನ್ನೊಂದು. ಸಂಜೆಯ ಹೊತ್ತಿಗೆ ಐವತ್ತೆಂಟೂ ತಿನ್ನುತ್ತಿದ್ದವು.

ಮನೆಗೆ ಬರುವಾಗ ದಾರಿಯಲ್ಲಿ ಒಬ್ಬಳೇ ನಗುತ್ತ ಬಂದೆ. ಎದುರು ಸಿಕ್ಕವರು ಏನಂದುಕೊಂಡರೋ.

ಏಪ್ರಿಲ್ 12

ಪರದೆ ಕಟ್ಟಿದರು. ಕೊಳವೆಯಲ್ಲಿ ಸುರಿದು ಕಿವಿಗೊಟ್ಟು ನಿಂತೆ. ತಿನ್ನುವ ಸದ್ದಿಲ್ಲ. ತಿಂದವೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಸೌಟಿನಿಂದ ಕೊಳವೆಗೆ ಮೆಲ್ಲಗೆ ತಟ್ಟಿದೆ. ತಕ್ಷಣ ಪಟಪಟ ಓಡಿ ಬಂದವು.

ಬೋರ್ಡಿನಲ್ಲಿ ಮುಖ, ಮಾತು ಎಂದಿದೆ. ಸೌಟು ಎಂದಿಲ್ಲ. ನಾನು ತುಟಿ ಪಿಟಕ್ ಎಂದಿಲ್ಲ.

ಏಪ್ರಿಲ್ 27

ಕೆಟ್ಟ ದಿನ. ಪರದೆಯ ಸಂದಿಯಲ್ಲಿ ಇಣುಕಿದರೆ ಒಂದು ಮರಿಯ ಬಾಲದಲ್ಲಿ ರಕ್ತ, ಉಳಿದವು ಅದನ್ನೇ ಕುಕ್ಕುತ್ತಿದ್ದವು. ಎತ್ತಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಗಡ್ಡಪ್ಪ ಕುಂಟುತ್ತ ಬಂದು ಊಟದ ಡಬ್ಬಿಗೆ ಕೈ ಹಾಕಿದ. ಬೆರಳಲ್ಲಿ ಉಜ್ಜಿದ. "ಇದೇನು ಬೇಯಿಸಿದ ಕಾಳು?" ಎಂದ.

ಒಪ್ಪಿಕೊಂಡೆ. ವಾರದಿಂದ ಬೇಯಿಸಿದ ಕಾಳನ್ನು ಅರ್ಧಕ್ಕರ್ಧ ಬೆರೆಸುತ್ತಿದ್ದೆ. ಬರೀ ಪುಡಿ ಎಳೆ ಹೊಟ್ಟೆಗೆ ಭಾರ, ಮೆತ್ತಗೆ ಬಿಸಿಬಿಸಿ ಇರಲಿ ಎಂದು. ಕಡ್ಡಿ ಗದರಲಿಲ್ಲ. "ಹೊಟ್ಟೆ ತುಂಬಿತು ದೊಡ್ಡಮ್ಮ, ಆದರೆ ಗರಿ ಬರೋ ಹೊತ್ತಲ್ಲಿ ಪ್ರೋಟೀನ್ ಅರ್ಧ ಆಯ್ತು. ಅದಕ್ಕೇ ಒಂದರ ಗರಿ ಒಂದು ಕಿತ್ತು ತಿಂತಾವೆ" ಎಂದಳು. ಗದರಿದ್ದರೇ ಚೆನ್ನಾಗಿತ್ತು.

ಕಾಳು ನಿಲ್ಲಿಸಿದೆ. ದೀಪ ಮಬ್ಬು ಮಾಡಿದರು, ಸೊಪ್ಪಿನ ಕಟ್ಟು ತೂಗುಹಾಕಿದರು, ಕುಕ್ಕಲು ಬೇರೇನಾದರೂ ಇರಲಿ ಎಂದು. ನನ್ನನ್ನು ಗೆದ್ದಲು ತರಲು ಕಳಿಸಿದರು. ಹುತ್ತದ ಮಣ್ಣು ಸಮೇತ ಬುಟ್ಟಿಯಲ್ಲಿ ಹೊತ್ತು ತಂದೆ. ಮೊದಲು ಹೇಸಿಗೆಯಾಯಿತು, ಆಮೇಲೆ ಯಾವ ಹುತ್ತದ ಗೆದ್ದಲು ಕೊಬ್ಬಿದೆ ಎಂದು ಆರಿಸುತ್ತ ನಿಂತಿದ್ದೆ.

ಸೌಟಿನ ಸಂಗತಿ ಹೇಳಲಿಲ್ಲ. ಒಂದೇ ದಿನ ಎರಡು ತಪ್ಪು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮೇ 9

ಮನೆಗೆ ಬಂದಾಗ ತಂಗಿ ಅಡುಗೆ ಮಾಡಿಟ್ಟಿದ್ದಳು. ಒಲೆ ಮುಟ್ಟಿದ್ದಾಳೆ! ಉಪ್ಪು ಜಾಸ್ತಿ, ತರಕಾರಿ ಬೆಂದು ಮುದ್ದೆಯಾಗಿದೆ. ಜಗಳ ಮಾಡೋಣವೆಂದರೆ ನಿದ್ದೆ ಬರುತ್ತಿತ್ತು. ತಿಂದು ಮಲಗಿದೆ.

ಮೇ 20

ಮರಿಗಳನ್ನು ಬಲೆಯ ಅಂಗಳಕ್ಕೆ ಬಿಟ್ಟಾಯಿತು. ಐವತ್ತೇಳು. ಮೈಮೇಲೆ ಕಂದು ಗೆರೆ ಮೂಡಿವೆ, ಹುಲ್ಲಿನಲ್ಲಿ ಕೂತರೆ ನನ್ನ ಕನ್ನಡಕಕ್ಕೂ ಸಿಗುವುದಿಲ್ಲ. ಊಟವೂ ಬದಲು: ಪ್ರೋಟೀನ್ ಕಡಿಮೆಯ ಪುಡಿ, ಇಡೀ ಕಾಳು, ಜೊತೆಗೆ ಹರಳು ಮರಳು. ಹಲ್ಲಿಲ್ಲದವಕ್ಕೆ ಹೊಟ್ಟೆಯೊಳಗೆ ಬೀಸುವ ಕಲ್ಲು ಬೇಕಂತೆ. ಅಂಗಳದ ಆ ಮೂಲೆ ಈ ಮೂಲೆ ಚೆಲ್ಲಿ ಬರಬೇಕು, ಹುಡುಕಿ ತಿನ್ನಲಿ ಎಂದು.

ಹುಡುಕುತ್ತಿಲ್ಲ. ಬಾಗಿಲ ಬಳಿಯೇ ಸಾಲಾಗಿ ನಿಂತಿವೆ. ಗಡ್ಡಪ್ಪ ಊಟದ ನಂತರ ಗೊರಕೆ ಹೊಡೆಯುವ ಸಮಯ ನೋಡಿ, ಒಳಗೆ ಹೋಗಿ ಸೌಟು ಬಾರಿಸಿದೆ. ಈ ಸಲ ತಟ್ಟೆಗೇ, ಟಣ್ ಟಣಟಣ್. ಎಲ್ಲವೂ ನನ್ನ ಕಾಲ ಬುಡಕ್ಕೇ ಓಡಿ ಬಂದವು. ಒಂದು ನನ್ನ ಶೂ ಹತ್ತಿ ನಿಂತು ಲೇಸು ಎಳೆಯಿತು. ಅದಕ್ಕೆ ಮೊಂಡಿ ಎಂದು ಹೆಸರು. ಎಷ್ಟು ಖುಷಿಯಾಯಿತು ಎಂದರೆ, ಬರೆಯಲು ನಾಚಿಕೆ.

ಮೇ 27

ಸಿಕ್ಕಿಬಿದ್ದೆ.

ಕಡ್ಡಿ ಈ ತಿಂಗಳೆಲ್ಲ ಹುಲ್ಲುಗಾವಲಿನಲ್ಲೇ ಇದ್ದಳು, ಇವತ್ತು ಆಫೀಸಿನಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಸೌಟು ಬಾರಿಸಿದ್ದೇ ಓಡುತ್ತ ಬಂದಳು, ನಗುತ್ತಿದ್ದಳು. "ದೊಡ್ಡಮ್ಮ, ಅದೇ ಸೌಟಾ? ಕೂತಲ್ಲೇ ಹಸಿವಾಗಿಬಿಡ್ತು ನಂಗೆ!" ಆಮೇಲೆ ನನ್ನ ಕಾಲ ಬಳಿ ನೋಡಿದಳು. ಐವತ್ತೇಳು ಹಕ್ಕಿಗಳು ಸುತ್ತಲೂ ಮುತ್ತಿಕೊಂಡಿದ್ದವು. ಮೊಂಡಿ ಶೂ ಮೇಲೆ. ಅವಳ ನಗು ನಿಂತಿತು.

ಹುಲ್ಲಿನ ಮೇಲೆ ಕೂತುಬಿಟ್ಟಳು. ಹಕ್ಕಿಗಳು ಅವಳನ್ನೂ ಮುತ್ತಿದವು.

"ಎಷ್ಟು ದಿನದಿಂದ?"

"ಮೂರನೇ ದಿನದಿಂದ."

"ಬಿಡುಗಡೆ ಪರೀಕ್ಷೆಗೆ ಹದಿನೆಂಟು ದಿನ ಇದೆ ದೊಡ್ಡಮ್ಮ. ಮನುಷ್ಯ ಒಳಗೆ ಹೋದಾಗ ಯಾವ ಹಕ್ಕಿ ಹತ್ತು ಹೆಜ್ಜೆಗಿಂತ ಹತ್ತಿರ ಬಂದರೂ ಅದು ಪಂಜರಕ್ಕೆ. ಇಲ್ಲಿ ಎಲ್ಲವೂ ಬಂದಿವೆ."

ಊಟಕ್ಕೆ ಕರೆದದ್ದೂ ತಪ್ಪಾ ಎಂದು ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಉತ್ತರ ಏಪ್ರಿಲ್ ಎಂಟರಂದೇ ಕೇಳಿಸಿಕೊಂಡಿದ್ದೆನಲ್ಲ.

ಮೇ 28

ಕೆಲಸ ಬಿಟ್ಟು ಹೋಗುತ್ತೇನೆ ಎಂದೆ. ಗಡ್ಡಪ್ಪ ಕೆರಳಿದ. "ಚೆನ್ನಾಗಿದೆ! ಕಲಿಸಿದವರು ಮನೆಗೆ, ಕಲಿತವು ಪಂಜರಕ್ಕೆ. ಯಾರು ಕಲಿಸಿದ್ರೋ ಅವರೇ ಬಿಡಿಸ್ಬೇಕು ಅಮ್ಮ. ನಾನು ಓಡಿಸಿದ್ರೆ ನನಗೆ ಮಾತ್ರ ಹೆದರ್ತವೆ, ನಿಮ್ಮನ್ನ ನೋಡಿ ಮತ್ತೆ ಬರ್ತವೆ."

ಕಡ್ಡಿ ವಿವರಿಸಿದಳು. ನಾನು ಇದೇ ನೀಲಿ ಏಪ್ರನ್ ತೊಟ್ಟು, ಇದೇ ಸೌಟು ಬಾರಿಸಬೇಕು. ಬಂದಾಗ ಕಾಳು ಹಾಕಬಾರದು. ಪೈಪಿನಿಂದ ನೀರು ಎರಚಬೇಕು, ಕೂಗಬೇಕು, ಕಾಲು ಬಡಿಯಬೇಕು. ಊಟವನ್ನು ಬೇರೆ ಹೊತ್ತಿನಲ್ಲಿ ಸದ್ದಿಲ್ಲದೆ ಹುಲ್ಲಿನಲ್ಲಿ ಅಡಗಿಸಿಟ್ಟು ಬರಬೇಕು, ಅದು ಗಡ್ಡಪ್ಪನ ಕೆಲಸ.

"ಊಟಕ್ಕೆ ಅಂತ ಕರೆದು ಹೊಡಿಯೋದಾ?"

"ಹೊಡೆಯೋದಲ್ಲ, ನೀರು."

"ಎರಡೂ ಒಂದೇ ಕಣೇ."

ನಾಳೆಯಿಂದ ಎಂದು ಹೇಳಿ ಬಂದೆ.

ಮೇ 29

ಬಾರಿಸಿದೆ. ಬಂದವು. ಪೈಪನ್ನು ಆಕಾಶದತ್ತ ಹಿಡಿದೆ. ನಾಲ್ಕು ಹನಿ ಬಿದ್ದವು, ಅವಕ್ಕೆ ಖುಷಿಯೇ ಆಯಿತು, ಗರಿ ಕೊಡವಿಕೊಂಡು ಇನ್ನೂ ಹತ್ತಿರ ಬಂದವು. ಬಾಗಿಲಾಚೆಯಿಂದ ಗಡ್ಡಪ್ಪ, "ಗಿಡಕ್ಕೆ ನೀರು ಹಾಕ್ತಿದ್ದೀರಾ?" ಎಂದ. ಅವನ ಗಡ್ಡಕ್ಕೇ ಹೊಡೆಯೋಣ ಎನಿಸಿತು.

ಮೇ 31

ಇವತ್ತು ನಿಜವಾಗಿ ಹೊಡೆದೆ. ಕೂಗಿದೆ. ಅವು ಒಂದರ ಮೇಲೊಂದು ಬಿದ್ದು ಓಡಿದವು. ಅಷ್ಟು ದೂರ ಹೋಗಿ ತಿರುಗಿ ನೋಡಿದವು, ಏನೋ ತಪ್ಪಾಗಿದೆ, ಮತ್ತೆ ಕರೆಯುತ್ತಾಳೆ ಎನ್ನುವಂತೆ. ಕರೆದೆ. ಬಂದವು. ಮತ್ತೆ ಹೊಡೆದೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಜೂನ್ 4

ಐವತ್ತು ದೂರವಾದವು. ಏಳು ಇನ್ನೂ ಬರುತ್ತವೆ. ಗಡ್ಡಪ್ಪ ಅಡಗಿಸಿಟ್ಟ ಕಾಳನ್ನು ಉಳಿದವು ತಾವೇ ಕೆದಕಿ ತಿನ್ನುತ್ತಿವೆಯಂತೆ, ಮಿಡತೆ ಹಿಡಿಯುತ್ತಿವೆಯಂತೆ. ಅವನು ಹೇಳಿದ್ದು ಅಷ್ಟೆ. ನನಗೆ ನೋಡಲು ಅನುಮತಿಯಿಲ್ಲ. ನಾನೀಗ ಅಂಗಳದ ರಾಕ್ಷಸಿ, ರಾಕ್ಷಸಿ ಇಣುಕಿ ನೋಡಬಾರದು.

ಯಾರೋ ಹುಡುಗಿ ಹಾಸ್ಟೆಲ್ಲಿನಿಂದ ಫೋನ್ ಮಾಡಿದ್ದಳು ಎಂದು ತಂಗಿ ಹೇಳಿದಳು. ಯಾರೆಂದು ಕೇಳಲು ಮರೆತೆ. ಮಿಡತೆಯ ಯೋಚನೆಯಲ್ಲಿದ್ದೆ.

ಜೂನ್ 9

ಉಳಿದದ್ದು ಮೊಂಡಿ ಒಂದೇ. ನೀರು ಬಿದ್ದರೆ ಎರಡು ಹೆಜ್ಜೆ ಸರಿಯುತ್ತದೆ, ಕತ್ತು ಓರೆ ಮಾಡಿ ನೋಡುತ್ತದೆ, ಮತ್ತೆ ಶೂ ಲೇಸಿಗೆ ಬರುತ್ತದೆ. "ಇದೊಂದು ಪಂಜರಕ್ಕೆ ಹೋದರೆ ಹೋಗಲಿ ದೊಡ್ಡಮ್ಮ, ನಿಮಗೂ ಜೊತೆ ಆಗುತ್ತೆ. ನೀವೇ ಸಾಕ್ಕೊಳ್ಳಿ" ಎಂದಳು ಕಡ್ಡಿ. ಪಾಪ, ನನ್ನ ಮುಖ ನೋಡಿ ಹೇಳಿದ ಮಾತು.

ಸಂಜೆಯವರೆಗೆ ಅದನ್ನೇ ಯೋಚಿಸಿದೆ. ಹಿತ್ತಿಲಲ್ಲಿ ಒಂದು ಪಂಜರ. ಬೆಳಿಗ್ಗೆ ಎದ್ದರೆ ಬಾಗಿಲಲ್ಲೇ ಕಾಯುತ್ತಿರುತ್ತದೆ. ಕೆದಕುವುದು ಬೇಡ, ಮಿಡತೆ ಹಿಡಿಯುವುದು ಬೇಡ, ಎಲ್ಲ ನಾನೇ ಕೊಟ್ಟೇನು. ತಂಗಿಯನ್ನು ಕೇಳಿದೆ. "ನಿಂಗೆ ಬೇಕಾ, ಅದಕ್ಕೆ ಬೇಕಾ?" ಎಂದಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. ಅವಳ ನಾಲಗೆ ಸೂಜಿಗಿಂತ ಚೂಪು.

ಜೂನ್ 10

ಮೊಂಡಿಗೆ ಪೈಪು ನೇರ ಹಿಡಿದೆ. ಅದು ಮುದ್ದೆಯಾಗಿ ಉರುಳಿತು. ಎದ್ದು ಓಡಿತು, ಹಿಂದೆ ನೋಡಲಿಲ್ಲ.

ಶೆಡ್ಡಿನ ಹಿಂದೆ ಹೋಗಿ ಅತ್ತೆ. ಗಡ್ಡಪ್ಪ ಕುಂಟಿಕೊಂಡು ಬಂದು ಒಂದು ಲೋಟ ಚಹಾ ಇಟ್ಟು ಹೋದ. ಮನೆಯಲ್ಲಿ ತಂಗಿಯ ಅಡುಗೆ, ಎರಡು ಸಲ ಹಾಕಿಸಿಕೊಂಡೆ. ಈಚೆಗೆ ಉಪ್ಪು ಹದ ಹಿಡಿದಿದೆ ಅವಳಿಗೆ.

ಜೂನ್ 14

ಪರೀಕ್ಷೆ. ಮೊದಲು ಕಡ್ಡಿ ಒಳಗೆ ಹೋಗಿ ನಿಂತಳು. ಒಂದೂ ಕಾಣಲಿಲ್ಲ. ಆಮೇಲೆ ಗಡ್ಡಪ್ಪ. ಒಂದೂ ಇಲ್ಲ. "ಈಗ ನೀವು. ಸೌಟು ತಗೊಳ್ಳಿ" ಎಂದಳು. ಹತ್ತು ನಿಮಿಷ ಬಾರಿಸುತ್ತ ನಿಲ್ಲಬೇಕು.

ಏಳನೇ ನಿಮಿಷಕ್ಕೆ ಹುಲ್ಲು ಅಲ್ಲಾಡಿತು. ಮೊಂಡಿ. ತಲೆ ಎತ್ತಿ ನೋಡಿತು. ಒಂದು ಹೆಜ್ಜೆ, ಇನ್ನೊಂದು. ಹದಿನೈದು ಹೆಜ್ಜೆ ದೂರ, ಹದಿಮೂರು, ಹನ್ನೆರಡು. ಬಾರಿಸುವುದು ನಿಲ್ಲಿಸುವ ಹಾಗಿಲ್ಲ, ಓಡಿಸುವ ಹಾಗೂ ಇಲ್ಲ, ಅದು ತಾನಾಗಿಯೇ ತೀರ್ಮಾನಿಸಬೇಕು. ಇನ್ನೂ ಜೋರಾಗಿ ಬಾರಿಸಿದೆ. ಜೀವನದಲ್ಲಿ ಮೊದಲ ಸಲ ಊಟದ ಸದ್ದು ಮಾಡುತ್ತ, ಬರಬೇಡ, ಬರಬೇಡ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಅದು ನಿಂತಿತು. ಬಗ್ಗಿ ಏನನ್ನೋ ಕುಕ್ಕಿತು, ಮಿಡತೆಯಿರಬೇಕು. ನುಂಗಿತು. ನನ್ನನ್ನೊಮ್ಮೆ ನೋಡಿ ತಿರುಗಿ ಹುಲ್ಲಿನೊಳಗೆ ಹೋಯಿತು.

ಐವತ್ತೇಳಕ್ಕೆ ಐವತ್ತೇಳೂ ಪಾಸು. ಕಡ್ಡಿ ನನ್ನನ್ನು ತಬ್ಬಿಕೊಂಡು ತಿರುಗಿಸಿಬಿಟ್ಟಳು. ಅಷ್ಟು ಶಕ್ತಿ ಎಲ್ಲಿತ್ತೋ ಆ ಕಡ್ಡಿಯಲ್ಲಿ.

ಜೂನ್ 22

ಹುಲ್ಲುಗಾವಲಿನಲ್ಲಿ ಬಿಟ್ಟರು. ನಾನು ವ್ಯಾನಿನಿಂದ ಇಳಿಯಲಿಲ್ಲ. ಪೆಟ್ಟಿಗೆ ತೆರೆದ ಸದ್ದು, ರೆಕ್ಕೆಯ ಸದ್ದು, ಆಮೇಲೆ ಗಾಳಿ.

ಜುಲೈ 13

ಮೂರು ವಾರದ ಮೇಲೆ ಕಡ್ಡಿ ಕರೆದುಕೊಂಡು ಹೋದಳು. ಉಳಿದಿವೆಯೇ, ತಿನ್ನುತ್ತಿವೆಯೇ ನೋಡಲು. ಒಂದು ಗಂಟೆ ನಡೆದೆವು, ಏನೂ ಇಲ್ಲ. ಹಿಕ್ಕೆ ಸಿಕ್ಕಿತು. ಕಡ್ಡಿ ಅದನ್ನು ಬಿಡಿಸಿ ತೋರಿಸಿದಳು: ಹುಲ್ಲಿನ ಬೀಜದ ಸಿಪ್ಪೆ, ಹುಳದ ರೆಕ್ಕೆಯ ಚೂರು. ನಾನು ಹಾಕದ ಊಟ. ಚೆನ್ನಾಗಿ ಅರಗಿತ್ತು.

ಹಿಂತಿರುಗಬೇಕು ಎನ್ನುವಾಗ ಕಾಲ ಬುಡದಲ್ಲೇ ಹುಲ್ಲು ಸಿಡಿದಂತಾಯಿತು. ಹತ್ತು ಹನ್ನೆರಡು ಹಕ್ಕಿಗಳು ಒಟ್ಟಿಗೆ ಮೇಲೆದ್ದು, ಬುರ್ರೆಂದು ಇಳಿಜಾರಿನಾಚೆ ಹಾರಿಹೋದವು. ಬಿಡುವ ಮೊದಲು ಕೇಂದ್ರದಲ್ಲಿ ತೊಡಿಸಿದ್ದ ಕಾಲುಂಗುರದ ಕೆಂಪು ಒಂದು ಗಳಿಗೆ ಕಂಡಿತು. ನಮ್ಮವೇ. ಎಷ್ಟು ದಪ್ಪಗಾಗಿವೆ!

ಮನೆಗೆ ಬಂದಾಗ ತಂಗಿ ಒಲೆಯ ಮುಂದಿದ್ದಳು. ನಾನು ತಟ್ಟೆ ಹಾಕಿಕೊಂಡು ಕೂತೆ.

"ಸಿಕ್ಕವಾ ಅಕ್ಕಾ?"

"ಸಿಕ್ಕವು."

"ನಿನ್ನ ಗುರುತು ಹಿಡಿದ್ವಾ?"

"ಚೆನ್ನಾಗಿ ಹಿಡಿದ್ವು ಕಣೇ" ಎಂದೆ. "ನೋಡಿದ್ದೇ ತಡ, ಹಾರಿಹೋದ್ವು."